ಮುದುಕಿಗೂ ಒಬ್ಬ ಪ್ರಿಯನಿದ್ದ

ಮದುವೆಯಾದವರ ಮನೆಬಾಗಿಲಿಗೆ ಹಳೆಯ ಪ್ರೀತಿ ಬಂದು ನಿಲ್ಲುವ ಕಥೆ ಮೂಕಿಚಿತ್ರಗಳಿಗೆ ಮೊದಲಿನಿಂದಲೂ ಪ್ರಿಯವಾದದ್ದು. ಮಾತಿಲ್ಲದ ಪರದೆಗೆ ಅದು ಕಷ್ಟದ ಕಥೆಯೂ ಹೌದು. ಎಂದೋ ಆಗಿಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಸಿಗುವುದು ಎದುರಿಗಿರುವುದು ಮಾತ್ರ. ಅಮೆರಿಕದ ಡಿ.ಡಬ್ಲ್ಯು. ಗ್ರಿಫಿತ್ ಈ ತೊಡಕಿಗೆ 1908ರಲ್ಲೇ ಒಂದು ದಾರಿ ಹುಡುಕಿದರು. ಬಯೋಗ್ರಾಫ್ ಕಂಪನಿಗಾಗಿ ತೆಗೆದ ‘ಆಫ್ಟರ್ ಮೆನಿ ಇಯರ್ಸ್’ ಚಿತ್ರದಲ್ಲಿ, ಹಡಗು ಒಡೆದು ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಗಂಡನನ್ನೂ ಊರಿನಲ್ಲಿ ಅವನ ದಾರಿ ಕಾಯುವ ಹೆಂಡತಿಯನ್ನೂ ಒಬ್ಬರ ಬೆನ್ನಿಗೆ ಒಬ್ಬರಂತೆ ತೋರಿಸಿದರು. ಕಥೆ ಹೀಗೆ ಅಲ್ಲಿಂದಿಲ್ಲಿಗೆ ಹಾರಿದರೆ ಜನಕ್ಕೆ ಅರ್ಥವಾದೀತೇ ಎಂದು ಜೊತೆಯವರು ಅಳುಕಿದಾಗ, ಡಿಕನ್ಸ್ ಬರೆಯುವುದೂ ಹೀಗೇ ತಾನೇ ಎಂದು ಗ್ರಿಫಿತ್ ಉತ್ತರಿಸಿದರೆಂದು ಅವರ ಪತ್ನಿ, ನಟಿ ಲಿಂಡಾ ಆರ್ವಿಡ್‌ಸನ್ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಆ ಚಿತ್ರದ ಮೂಲ ಟೆನಿಸನ್ 1864ರಲ್ಲಿ ಪ್ರಕಟಿಸಿದ ಕಥನಕವನ ‘ಈನಾಕ್ ಆರ್ಡನ್’. ಅದನ್ನೇ ಗ್ರಿಫಿತ್ 1911ರಲ್ಲಿ ಎರಡು ರೀಲುಗಳಲ್ಲಿ ಮತ್ತೆ ತೆಗೆದರು. ವರ್ಷಗಟ್ಟಲೆ ಕಾದ ಹೆಂಡತಿ ಕೊನೆಗೆ ಇನ್ನೊಬ್ಬನನ್ನು ಮದುವೆಯಾಗಿದ್ದಾಳೆ. ಸತ್ತನೆಂದುಕೊಂಡಿದ್ದ ಗಂಡ ಮರಳಿ ಬಂದು, ಬೆಳಕಿನ ಕಿಟಕಿಯ ಆಚೆ ನಿಂತು ಆ ಸಂಸಾರವನ್ನು ನೋಡಿ, ಒಳಗೆ ಕಾಲಿಡದೆ ಹೊರಟುಹೋಗುತ್ತಾನೆ.

ಈ ಕಿಟಕಿ ಬಲು ಮುಖ್ಯವಾದದ್ದು. ಮುಂದಿನ ಇಪ್ಪತ್ತು ವರ್ಷ ಮೂಕಿಚಿತ್ರಗಳು ಹಳೆಯ ಪ್ರೀತಿಯನ್ನು ಬಹುಮಟ್ಟಿಗೆ ಹೀಗೆ ಕಿಟಕಿಯ ಆಚೆಯೇ ನಿಲ್ಲಿಸಿದವು. ಒಳಗೆ ಸಂಸಾರ, ಹೊರಗೆ ನೆನಪು. ಚಾಪ್ಲಿನ್ ತಾವು ನಾಯಕನಾಗದೆ ನಿರ್ದೇಶಿಸಿದ ‘ಎ ವುಮನ್ ಆಫ್ ಪ್ಯಾರಿಸ್’ (1923) ಈ ಜಾತಿಯ ಚಿತ್ರಗಳಲ್ಲಿ ಅತ್ಯಂತ ಸೂಕ್ಷ್ಮವಾದುದು. ಓಡಿಹೋಗಿ ಮದುವೆಯಾಗಬೇಕಿದ್ದ ರಾತ್ರಿ ಹುಡುಗನ ತಂದೆ ಸಾಯುತ್ತಾನೆ. ವಿಷಯ ತಿಳಿಯದ ನಾಯಕಿ ಮರಿ ಒಬ್ಬಳೇ ರೈಲು ಹತ್ತುತ್ತಾಳೆ. ಪ್ಯಾರಿಸಿನಲ್ಲಿ ಶ್ರೀಮಂತನೊಬ್ಬನ ಆಶ್ರಯದಲ್ಲಿ ಬದುಕುತ್ತಿರುವಾಗ ಆ ಹಳೆಯ ಪ್ರಿಯ ಮತ್ತೆ ಎದುರಾಗುತ್ತಾನೆ. ಅವಳ ಮನೆಗೆ ಬಂದ ಅವನ ಕಣ್ಣೆದುರೇ ಕೆಲಸದವಳು ಡ್ರಾಯರ್ ಎಳೆದಾಗ ಒಂದು ಗಂಡಸಿನ ಕಾಲರ್ ನೆಲಕ್ಕೆ ಬೀಳುತ್ತದೆ. ಅವನಿಗೆ ಎಲ್ಲವೂ ತಿಳಿದುಹೋಗುತ್ತದೆ, ಯಾರೂ ತುಟಿ ಬಿಚ್ಚಬೇಕಾಗಿಲ್ಲ. ಆ ಕಾಲರ್ ಸಿನಿಮಾದ ಇತಿಹಾಸ ಬರೆದವರ ಕಣ್ಣಲ್ಲಿ ದೊಡ್ಡದಾಗಿ ನಿಂತದ್ದು ನ್ಯಾಯವೇ. ಆದರೂ ಇಲ್ಲಿ ಕೂಡ ಹಳೆಯ ಪ್ರಿಯ ಹೊರಗಿನಿಂದ ಬಂದವನು. ಅವನು ಬಂದರೆ ಒಳಗಿನ ಬದುಕು ಅಲುಗಾಡುತ್ತದೆ, ಹೋದರೆ ನಿಲ್ಲುತ್ತದೆ. ನೋಡುವವರು ಯಾರ ಪಕ್ಷ ಹಿಡಿಯಬೇಕೆಂಬುದರಲ್ಲಿ ಗೊಂದಲವಿಲ್ಲ. ಕಣ್ಣೀರೆಲ್ಲ ಪ್ರೇಮಿಗಳಿಗೆ ಸಲ್ಲಬೇಕು, ಅವರ ನಡುವೆ ನಿಂತವರಿಗೆ ಏನೂ ಸಲ್ಲಬೇಕಾಗಿಲ್ಲ.

ಈ ಲೆಕ್ಕವನ್ನು ತಲೆಕೆಳಗು ಮಾಡಿದ ಒಂದು ಚಿತ್ರವಿದೆ. ಡೆನ್ಮಾರ್ಕಿನ ಕಾರ್ಲ್ ಥಿಯೊಡೋರ್ ಡ್ರೇಯರ್ 1920ರಲ್ಲಿ ಸ್ವೀಡನ್ನಿನ ಕಂಪನಿಗಾಗಿ ನಾರ್ವೆಯಲ್ಲಿ ತೆಗೆದ ‘ಪ್ರೆಸ್ಟೆಂಕನ್’, ಎಂದರೆ ‘ಪಾದ್ರಿಯ ವಿಧವೆ’. ಮೂಲಕಥೆ ನಾರ್ವೆಯ ಲೇಖಕ ಕ್ರಿಸ್ಟೋಫರ್ ಯಾನ್ಸನ್ ಅವರದು. ಡ್ರೇಯರ್ ಹೆಸರು ಹೇಳಿದರೆ ಸಿನಿಮಾ ಬಲ್ಲವರಿಗೆ ನೆನಪಾಗುವುದು 1928ರ ‘ದ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’. ‘ಪಾದ್ರಿಯ ವಿಧವೆ’ಯನ್ನು ಅವರ ಆರಂಭದ ದಿನಗಳ ಹಗುರವಾದ ಹಾಸ್ಯಚಿತ್ರವೆಂದು ಪಕ್ಕಕ್ಕಿಡುವುದು ರೂಢಿ. ಆ ರೂಢಿ ತಪ್ಪು ಎಂಬುದು ಈ ಲೇಖನದ ವಾದ. ಮದುವೆ ಮತ್ತು ಹಳೆಯ ಪ್ರೀತಿಯ ಬಗ್ಗೆ ಮೂಕಿಯುಗ ಕೊಟ್ಟ ಚಿತ್ರಗಳಲ್ಲಿ ಇದರಷ್ಟು ಪ್ರಾಮಾಣಿಕವಾದವು ತೀರ ಕಡಿಮೆ. ಇಲ್ಲಿ ಹಳೆಯ ಪ್ರೀತಿ ಕಿಟಕಿಯ ಆಚೆ ನಿಂತಿಲ್ಲ. ಪ್ರೇಮಿಗಳ ದಾರಿಗೆ ಅಡ್ಡವಾಗಿ ಮನೆಯ ನಡುವೆ ಕುಳಿತಿರುವ ಮುದಿ ಹೆಂಡತಿಯ ಎದೆಯೊಳಗೇ ಅದು ಇದೆ. ಅದನ್ನು ನಾವು ತಿಳಿಯುವ ಹೊತ್ತಿಗೆ ಅವಳು ಬೇಗ ಸಾಯಲಿ ಎಂದು ನಾವೂ ಬಯಸಿಯಾಗಿರುತ್ತದೆ.

ಕಥೆ ಕೆಲವು ಶತಮಾನಗಳ ಹಿಂದಿನ ನಾರ್ವೆಯದು. ಸೋಫ್ರೆನ್ ಎಂಬ ಬಡ ತರುಣ, ಅವನನ್ನು ಮೆಚ್ಚಿದ ಮಾರಿ. ಒಂದು ಊರಿನ ಪಾದ್ರಿಯಾಗಿ ನೆಲೆ ಕಂಡುಕೊಳ್ಳುವವರೆಗೆ ಮಗಳನ್ನು ಕೊಡುವುದಿಲ್ಲ ಎಂದು ಮಾರಿಯ ತಂದೆ ಹೇಳಿಬಿಟ್ಟಿದ್ದಾನೆ. ಒಂದು ಹಳ್ಳಿಯಲ್ಲಿ ಪಾದ್ರಿಯ ಸ್ಥಾನ ತೆರವಾಗಿದೆ, ಸ್ಪರ್ಧೆಗೆ ಇವನೂ ಸೇರಿ ಮೂವರು. ಒಬ್ಬನ ಪ್ರವಚನಕ್ಕೆ ಊರಿಗೆ ಊರೇ ತೂಕಡಿಸುತ್ತದೆ, ಇನ್ನೊಬ್ಬ ನಗೆಪಾಟಲಾಗುತ್ತಾನೆ, ಸೋಫ್ರೆನ್ ಗೆಲ್ಲುತ್ತಾನೆ. ಗೆದ್ದ ಮೇಲೆ ತಿಳಿಯುವುದು ಕರಾರು. ತೀರಿಹೋದ ಪಾದ್ರಿಯ ಹೆಂಡತಿ ಮಾರ್ಗರೆಟೆಗೆ, ಬಯಸಿದರೆ, ಹೊಸ ಪಾದ್ರಿಯನ್ನು ಮದುವೆಯಾಗುವ ಹಕ್ಕಿದೆ. ಅವಳು ಅದಾಗಲೇ ಮೂವರು ಪಾದ್ರಿಗಳನ್ನು ಮಣ್ಣು ಮಾಡಿದ ಮುದುಕಿ. ಸ್ಪರ್ಧೆಯಲ್ಲಿ ಸೋತ ಇಬ್ಬರು ಅವಳನ್ನು ಕಂಡು ಓಟ ಕೀಳುತ್ತಾರೆ. ಸೋಫ್ರೆನ್ ಅವಳು ಬಡಿಸಿದ ಮೀನು ತಿಂದು, ಕೊಟ್ಟ ಮದ್ಯ ಕುಡಿದು, ಅಮಲಿನಲ್ಲಿ ಒಪ್ಪಿಬಿಡುತ್ತಾನೆ. ಆ ಮೀನಿಗೆ ಮಾಟ ಮಾಡಿದ್ದಳೇನೋ ಎಂಬ ಅನುಮಾನ ಅವನಿಗೂ ಇದೆ, ನಮಗೂ ಬರುತ್ತದೆ. ಆಮೇಲೆ ಮಾರಿಯನ್ನು ತನ್ನ ತಂಗಿ ಎಂದು ಹೇಳಿ ಮನೆಯೊಳಕ್ಕೆ ಕರೆತರುತ್ತಾನೆ. ಮುದುಕಿಗೆ ವಯಸ್ಸಾಗಿದೆ, ಇನ್ನೆಷ್ಟು ದಿನ ಎಂಬುದು ಇಬ್ಬರ ಲೆಕ್ಕ.

ಈ ಕರಾರನ್ನು ಕಥೆಗಾರನ ಕುಚೇಷ್ಟೆ ಎಂದುಕೊಂಡರೆ ಚಿತ್ರದ ಅರ್ಧ ತೂಕ ಕಳೆದುಹೋಗುತ್ತದೆ. ಡೆನ್ಮಾರ್ಕ್ ಮತ್ತು ನಾರ್ವೆ ಒಂದೇ ರಾಜನ ಆಳ್ವಿಕೆಯಲ್ಲಿದ್ದ ಕಾಲ ಅದು. 1536ರ ಸುಮಾರಿಗೆ ಅಲ್ಲಿ ಲೂಥರನ ಮತ ರಾಜ್ಯದ ಮತವಾಯಿತು, ಪಾದ್ರಿಗಳು ಸಂಸಾರಸ್ಥರಾದರು. ಪಾದ್ರಿಯ ಮನೆ, ಅದರ ಸುತ್ತಲಿನ ಹೊಲ, ಕೊಟ್ಟಿಗೆ, ಎಲ್ಲವೂ ಹುದ್ದೆಗೆ ಸೇರಿದ ಆಸ್ತಿ. ಪಾದ್ರಿ ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬೇಕು. ಪಿಂಚಣಿ ಎಂಬ ಏರ್ಪಾಡು ನೆಟ್ಟಗೆ ಇಲ್ಲದ ಆ ದಿನಗಳಲ್ಲಿ ಹಳ್ಳಿಗಳು ಕಂಡುಕೊಂಡ ಪರಿಹಾರ, ಹೊಸ ಪಾದ್ರಿ ಹಳೆಯ ಪಾದ್ರಿಯ ವಿಧವೆಯನ್ನೇ ಕೈಹಿಡಿಯುವುದು. ವಿಧವೆಯನ್ನು ಉಳಿಸಿಕೊಳ್ಳುವುದು ಎಂಬ ಅರ್ಥದ ಮಾತೇ ಡೇನಿಷ್ ಭಾಷೆಯಲ್ಲಿ ಇದಕ್ಕೆ ಬಳಕೆಯಲ್ಲಿತ್ತು. ಇಂಥ ಕರಾರು ಪಾದ್ರಿಗಳಿಗಷ್ಟೇ ಇತ್ತೆಂದೂ ಇಲ್ಲ. ಜರ್ಮನಿಯ ಲ್ಯೂಬೆಕ್ ಪಟ್ಟಣದ ಸಂತ ಮೇರಿ ಚರ್ಚಿನ ಆರ್ಗನ್ ವಾದಕನ ಹುದ್ದೆಗೆ ಬಂದ ಬುಕ್ಸ್‌ಟೆಹೂಡ 1668ರಲ್ಲಿ ತನ್ನ ಹಿಂದಿನವನ ಮಗಳನ್ನು ಮದುವೆಯಾದ. ಅವನಿಗೆ ವಯಸ್ಸಾದಾಗ ಅದೇ ಕರಾರು ಅವನ ಮಗಳಿಗೂ ಅಂಟಿಕೊಂಡಿತು. 1703ರಲ್ಲಿ ಹುದ್ದೆ ನೋಡಲು ಬಂದಿದ್ದ ತರುಣ ಹ್ಯಾಂಡೆಲ್ ಮತ್ತು ಅವನ ಗೆಳೆಯ ಮ್ಯಾಟೆಸನ್, ಮದುವೆಯ ಮಾತು ಕೇಳಿ ಆಸೆ ಬಿಟ್ಟು ಮರಳಿದರು. ಈ ಪ್ರಸಂಗವನ್ನು ಸಂಗೀತದ ಚರಿತ್ರೆಗಳು ಇಂದಿಗೂ ನಗುತ್ತ ಹೇಳುತ್ತವೆ. ಬೇಡವೆನಿಸಿಕೊಂಡ ಆ ಹೆಣ್ಣಿಗೆ ಏನನ್ನಿಸಿತು ಎಂದು ಆ ಚರಿತ್ರೆಗಳು ಕೇಳಿಲ್ಲ. ಡ್ರೇಯರ್ ಚಿತ್ರ ಕೇಳುವುದು ಆ ಪ್ರಶ್ನೆಯನ್ನೇ.

ಕೇಳುವ ಮುನ್ನ ಅದು ನಮ್ಮನ್ನೂ ಆ ನಗುವಿನಲ್ಲಿ ಸೇರಿಸಿಕೊಳ್ಳುತ್ತದೆ. ಮೊದಲರ್ಧ ಚಿತ್ರವನ್ನು ನಾವು ನೋಡುವುದು ಸೋಫ್ರೆನ್‌ನ ಕಣ್ಣಿಂದ. ಸುಕ್ಕುಗಟ್ಟಿದ ಮುಖ, ಬಿಗಿದ ತುಟಿ, ಎಲ್ಲಿ ನೋಡಿದರೂ ಅವಳೇ. ಮಾರಿಯೊಡನೆ ಎರಡು ಗಳಿಗೆ ಕಳೆಯಲು ಅವನು ಹೂಡುವ ಉಪಾಯಗಳೆಲ್ಲ ಕೆಡುತ್ತವೆ. ರಾತ್ರಿ ಕತ್ತಲಲ್ಲಿ ಮಾರಿಯೆಂದು ಬಗೆದು ಮನೆಯ ಮುದಿ ಆಳು ಗುನ್ವೋರಳ ಹಾಸಿಗೆಯ ಬಳಿ ಹೋಗುತ್ತಾನೆ. ದೆವ್ವದ ವೇಷ ಹಾಕಿ ಮುದುಕಿಯನ್ನು ಹೆದರಿಸಿ ಕೊಲ್ಲಲು ನೋಡುತ್ತಾನೆ, ಅವಳು ಹೆದರುವುದಿಲ್ಲ. ಇವೆಲ್ಲ ಪ್ರಹಸನದ ಹಳೆಯ ಪಟ್ಟುಗಳು. ನಾವು ನಗುತ್ತೇವೆ. ನಗುವಾಗ ನಮ್ಮೊಳಗೆ ಒಂದು ಬಯಕೆ ಬೇರೂರುತ್ತದೆ, ಈ ಮುದುಕಿ ಯಾವಾಗ ಸಾಯುತ್ತಾಳೋ! ಪ್ರಹಸನದಲ್ಲಿ ಅಡ್ಡ ನಿಂತವರ ಸಾವನ್ನು ಬಯಸುವುದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ, ಆಟದ ಕಟ್ಟಳೆಯೇ ಅದು. ಆ ಕಟ್ಟಳೆಯನ್ನೇ ನಂಬಿಕೊಂಡು ಡ್ರೇಯರ್ ನಮ್ಮನ್ನು ಮುಂದಕ್ಕೆ ಕರೆದೊಯ್ಯುತ್ತಾರೆ.

ಆಮೇಲೆ ಅಟ್ಟದ ಏಣಿಯ ಪ್ರಸಂಗ. ಮುದುಕಿ ಅಟ್ಟಕ್ಕೆ ಹೋದಳೆಂದು ತಿಳಿದು ಸೋಫ್ರೆನ್ ಏಣಿ ತೆಗೆದುಬಿಡುತ್ತಾನೆ. ಬೀಳುವವಳು ಮಾರಿ. ತೊಡೆಯ ಮೂಳೆ ಮುರಿದು, ತಲೆಗೆ ಏಟು ಬಿದ್ದು ಹಾಸಿಗೆ ಹಿಡಿಯುತ್ತಾಳೆ. ಅಲ್ಲಿಂದ ಚಿತ್ರದ ಉಸಿರಾಟವೇ ಬದಲಾಗುತ್ತದೆ. ಮಾರ್ಗರೆಟೆ ಆ ಹುಡುಗಿಯನ್ನು ಹೆತ್ತ ಮಗಳಂತೆ ನೋಡಿಕೊಳ್ಳುತ್ತಾಳೆ. ದಿನಗಳು ಹಾಸಿಗೆಯ ಪಕ್ಕದಲ್ಲಿ ಕಳೆಯುತ್ತವೆ. ಸೋಫ್ರೆನ್ ಮೊದಲ ಬಾರಿಗೆ ತನ್ನ ಹೆಂಡತಿಯನ್ನು ಕಣ್ಣಿಟ್ಟು ನೋಡುತ್ತಾನೆ, ನಾವೂ ನೋಡುತ್ತೇವೆ. ಕೊನೆಗೆ ತಾಳಲಾರದೆ ಇಬ್ಬರೂ ನಿಜ ಹೇಳುತ್ತಾರೆ. ತಾವು ಅಣ್ಣತಂಗಿಯಲ್ಲ, ಮದುವೆಗೆ ಮಾತಾದವರು, ಅವಳ ಸಾವಿಗೆ ಕಾಯುತ್ತಿದ್ದವರು. ಮಾರ್ಗರೆಟೆ ಸಿಟ್ಟಾಗುವುದಿಲ್ಲ. ತನ್ನ ಕಥೆ ಹೇಳುತ್ತಾಳೆ. ಅವಳೂ ಅವಳ ಮೊದಲ ಗಂಡನೂ ಹೀಗೆಯೇ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅವನಿಗೂ ಈ ಹುದ್ದೆ ಬೇಕಿತ್ತು, ಅದಕ್ಕಾಗಿ ಅವನೂ ಅಂದಿನ ಪಾದ್ರಿಯ ವಿಧವೆಯನ್ನು ಮದುವೆಯಾದ. ಆ ಮುದುಕಿ ಹೆಚ್ಚು ದಿನ ಬಾಳುವವಳಲ್ಲ ಎಂದುಕೊಂಡು ಇವರಿಬ್ಬರೂ ಕಾದರು. ಇನ್ನೊಬ್ಬಳ ಸಾವಿನ ಮೇಲೆ ತಮ್ಮ ಸುಖದ ಮನೆ ಕಟ್ಟಿದ ನಾಚಿಕೆ ಅವಳನ್ನು ಇಂದಿಗೂ ಬಿಟ್ಟಿಲ್ಲ.

ಇಷ್ಟೇ. ಹೊಸ ಪಾತ್ರ ಬರಲಿಲ್ಲ, ಕಿಟಕಿಯ ಆಚೆ ಯಾರೂ ಬಂದು ನಿಲ್ಲಲಿಲ್ಲ. ಅದೇ ಮನೆ, ಅದೇ ಮುಖ. ಆದರೆ ಆ ಮುಖವನ್ನು ನಾವು ಅಷ್ಟು ಹೊತ್ತು ಓದಿದ್ದೇ ತಪ್ಪಾಗಿತ್ತು. ಮಾಟಗಾತಿ ಎಂದುಕೊಂಡವಳು ಒಂದು ಕಾಲದ ಮಾರಿ, ಹಾಗಾದರೆ ಇಂದಿನ ಮಾರಿಗೆ ಆ ಮುಖ ಮುಂದೆ ಬರಲಿರುವ ತನ್ನದೇ ಮುಖ. ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಮಾರ್ಗರೆಟೆ ಮೊದಲ ಗಂಡನನ್ನು ಪ್ರೀತಿಸಿ ಪಡೆದಳು. ಎರಡನೆಯವನೂ ಮೂರನೆಯವನೂ ಮನೆಯ ಜೊತೆಗೆ ಬಂದವರು. ಅಥವಾ ಮನೆಯ ಜೊತೆಗೆ ಅವಳೇ ಅವರಿಗೆ ಹೋದಳು ಎನ್ನಬೇಕು. ತನ್ನ ಪ್ರಿಯನೊಡನೆ ಬದುಕಿದ ಮನೆಯನ್ನು ಬಿಡಲಾರದೆ, ಬಿಟ್ಟರೆ ಹೋಗಲು ಜಾಗವಿಲ್ಲದೆ, ಒಬ್ಬರಾದ ಮೇಲೊಬ್ಬರಂತೆ ಅಪರಿಚಿತರನ್ನು ಆ ಮನೆಗೆ ಬರಮಾಡಿಕೊಂಡವಳು. ಅವಳ ಮದುವೆಗಳನ್ನು ದುರಾಸೆ ಎಂದು ನಾವು ಬಗೆದಿದ್ದೆವು. ಅವುಗಳ ಅಡಿಯಲ್ಲಿ ಇದ್ದದ್ದು ಒಂದು ಪ್ರೀತಿಗೆ ತೋರಿದ ನಿಷ್ಠೆ ಎಂಬುದು ಎಷ್ಟು ತಡವಾಗಿ ತಿಳಿಯುತ್ತದೆ! ಹಳೆಯ ಪ್ರೀತಿ ಮದುವೆಯನ್ನು ಒಡೆಯುತ್ತದೆ ಎಂಬುದು ಗ್ರಿಫಿತ್‌ರಿಂದ ಚಾಪ್ಲಿನ್‌ವರೆಗಿನ ತಿಳಿವಳಿಕೆ. ಅದು ಮದುವೆಯ ಒಳಗೇ ನೆಲೆಸಿ, ಒಲ್ಲದ ಮದುವೆಗಳನ್ನೂ ಹೊತ್ತುಕೊಂಡು ಬಾಳಬಲ್ಲದು ಎಂಬುದು ಡ್ರೇಯರ್ ಕಂಡದ್ದು.

ಇದರಲ್ಲಿ ಮೌನದ ಪಾಲೇನು? ಮಾತಿನ ಸಿನಿಮಾದಲ್ಲೂ ಒಂದು ಗುಟ್ಟನ್ನು ಕೊನೆಯವರೆಗೆ ಬಚ್ಚಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬಚ್ಚಿಡಬಹುದು, ಆದರೆ ಬಚ್ಚಿಟ್ಟದ್ದು ಗೊತ್ತಾಗುತ್ತದೆ. ಎಲ್ಲರೂ ಮಾತಾಡುವ ಕೋಣೆಯಲ್ಲಿ ಒಬ್ಬಳು ಸುಮ್ಮನೆ ಕುಳಿತರೆ ಅವಳ ಮೌನವೇ ನಮ್ಮನ್ನು ಎಚ್ಚರಿಸುತ್ತದೆ, ಇವಳ ಒಳಗೆ ಏನೋ ಇದೆ ಎಂದು ಕಿವಿ ನೆಟ್ಟಗಾಗುತ್ತದೆ. ಮೂಕಿಚಿತ್ರದಲ್ಲಿ ಎಲ್ಲರೂ ಮೂಕರು. ಯಾರ ಮಾತನ್ನು ಟೈಟಲ್ ಕಾರ್ಡಿಗೆ ಏರಿಸಬೇಕು, ಯಾರದನ್ನು ಬಿಡಬೇಕು ಎಂಬುದು ನಿರ್ದೇಶಕನ ಕೈಯಲ್ಲಿದೆ, ಬಿಟ್ಟದ್ದು ನಮ್ಮ ಅರಿವಿಗೆ ಬರುವುದಿಲ್ಲ. ಮೊದಲರ್ಧದಲ್ಲಿ ಮಾರ್ಗರೆಟೆಗೆ ಸಿಗುವುದು ಯಜಮಾನಿಯ ಮಾತು. ಅವಳ ಹೃದಯದ ಮಾತಿಗೆ ಕಾರ್ಡು ಸಿಗುವುದು ನಾವು ಅವಳ ಬಗ್ಗೆ ತೀರ್ಪು ಕೊಟ್ಟಾದ ಮೇಲೆ. ದನಿಯೂ ಮುಖ್ಯ. ದನಿಯಲ್ಲಿ ಮನಸ್ಸಿನ ತೇವ ಬಚ್ಚಿಡುವುದು ಸುಲಭವಲ್ಲ, ಅವಳ ದನಿ ಒಮ್ಮೆ ಕೇಳಿದ್ದರೂ ಆ ಮುಖವನ್ನು ಮಾಟಗಾತಿಯದೆಂದು ನಂಬುವುದು ಕಷ್ಟವಾಗುತ್ತಿತ್ತು. ಮಾತಿಲ್ಲದ್ದು ಆ ಕಾಲದ ಸಿನಿಮಾದ ಕೊರತೆ ಎಂದು ನಾವು ಎಣಿಸುತ್ತೇವೆ. ಡ್ರೇಯರ್ ಕೈಯಲ್ಲಿ ಅದೇ ಕೊರತೆ ನಮ್ಮ ಅವಸರದ ತೀರ್ಪಿಗೆ ಹಿಡಿದ ಕನ್ನಡಿಯಾಗುತ್ತದೆ. ಮುಖ ನೋಡಿ ಮನುಷ್ಯರನ್ನು ಅಳೆಯುವ ನಮ್ಮ ಚಟಕ್ಕೆ ಮೂಕಿಚಿತ್ರ ಅವಕಾಶ ಕೊಟ್ಟಷ್ಟು ಬೇರೆ ಯಾವ ಕಲೆಯೂ ಕೊಟ್ಟಿಲ್ಲ.

ಈ ಓದಿಗೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಮುದುಕಿಯ ಸಾವು ತೀರ ಅನುಕೂಲದ ಸಾವಾಯಿತು ಎಂಬುದು. ಪ್ರೇಮಿಗಳ ಗುಟ್ಟು ಬಯಲಾಗುತ್ತದೆ, ಅವಳು ಅವರನ್ನು ಹರಸುತ್ತಾಳೆ, ಸ್ವಲ್ಪ ದಿನಕ್ಕೆ ತಾನೇ ತೀರಿಕೊಂಡು ದಾರಿ ಬಿಡುತ್ತಾಳೆ. ತರುಣರಿಗಾಗಿ ಮುದುಕರು ಜಾಗ ಖಾಲಿ ಮಾಡಬೇಕೆಂಬ ಹಳೆಯ ಪಾಠವನ್ನು ಚಿತ್ರ ಸಿಹಿ ಸವರಿ ಕೊಟ್ಟಿತಲ್ಲವೇ? ಹೀಗೆ ಕೇಳುವವರು ಒಂದನ್ನು ಗಮನಿಸಬೇಕು. ಬಯಸಿದ್ದಾಗ ಸಿಗದ ಸಾವು ಇಲ್ಲಿ ಸಿಗುವುದು, ಬಯಸುವುದನ್ನು ಬಿಟ್ಟ ಮೇಲೆ. ಆದ್ದರಿಂದ ಅದು ಬಹುಮಾನದಂತೆ ಅವರ ಕೈ ಸೇರುವುದಿಲ್ಲ, ಸಾಲದಂತೆ ತಲೆಯ ಮೇಲೆ ಕೂರುತ್ತದೆ. ಸಮಾಧಿಯ ಬಳಿ ಸೋಫ್ರೆನ್ ಮಾರಿಗೆ ಹೇಳುವುದೂ ಸಾಲದ ಮಾತನ್ನೇ. ಮನೆ ನಡೆಸುವುದನ್ನು ನಿನಗೆ, ಮಾನವಂತನಾಗಿ ಬಾಳುವುದನ್ನು ನನಗೆ ಅವಳು ಕಲಿಸಿದಳು ಎನ್ನುತ್ತಾನೆ. ಸಾಯುವ ಮುನ್ನ ಮಾರ್ಗರೆಟೆ ಒಂದು ಚೀಟಿ ಬರೆದಿಟ್ಟಿರುತ್ತಾಳೆ. ತನ್ನ ಹೆಣ ಹೊರಟ ಮೇಲೆ ಬಾಗಿಲಿಗೆ ಕುದುರೆಯ ಲಾಳ ಹೊಡೆಯಬೇಕು, ಹಿಂದೆ ಅಗಸೆ ಬೀಜ ಚೆಲ್ಲಬೇಕು, ಹಾಗೆ ಮಾಡಿದರೆ ತಾನು ಮರಳಿ ಬಂದು ಕಾಡುವುದಿಲ್ಲ. ಸತ್ತವರು ತಿರುಗಿ ಬಾರದಿರಲಿ ಎಂದು ಆ ಸೀಮೆಯ ಜನ ಮಾಡುತ್ತಿದ್ದ ಕಟ್ಟು ಇದು. ಇಲ್ಲಿ ಅದು ಬರಿಯ ನಂಬಿಕೆಯ ವಿವರವಾಗಿ ಉಳಿಯುವುದಿಲ್ಲ. ಸತ್ತ ಮೊದಲ ಹೆಂಡತಿಯ ನೆರಳು ಎರಡನೆಯವಳ ಸಂಸಾರದಲ್ಲಿ ಹೇಗೆ ಸುಳಿದಾಡುತ್ತದೆ ಎಂಬುದು ಅವಳಿಗೆ ಅನುಭವದಿಂದ ಗೊತ್ತು. ತನ್ನನ್ನು ಜೀವಮಾನವಿಡೀ ಕಾಡಿದ್ದು ಈ ಹುಡುಗಿಯನ್ನು ಕಾಡದಿರಲಿ ಎಂದು ಅವಳು ಮುನ್ನೆಚ್ಚರಿಕೆ ಮಾಡಿ ಹೋಗುತ್ತಾಳೆ. ಬಾಗಿಲಿಗೆ ಲಾಳ ಹೊಡೆಯಿರಿ ಎಂಬ ಒಂದು ಸಾಲಿನಲ್ಲಿ ಇಷ್ಟು ದೊಡ್ಡ ಕ್ಷಮೆಯನ್ನು ಇಟ್ಟ ಇನ್ನೊಂದು ಚಿತ್ರವನ್ನು ನೆನೆಯುವುದು ಕಷ್ಟ.

ಎರಡನೆಯ ಆಕ್ಷೇಪ ಸೋಫ್ರೆನ್ ಬಗ್ಗೆ, ಅದನ್ನು ಪೂರ್ತಿ ತಳ್ಳಿಹಾಕಲಾಗುವುದಿಲ್ಲ. ಏಣಿ ತೆಗೆಯುವುದು ಕೀಟಲೆಯ ಮಾತಲ್ಲ, ಒಬ್ಬಳ ಜೀವ ತೆಗೆಯುವ ಯತ್ನ. ಅದಕ್ಕೆ ಅವನು ತೆತ್ತದ್ದಕ್ಕಿಂತ ಮಾರಿ ತೆತ್ತದ್ದು ಹೆಚ್ಚು. ಅವನ ಪಶ್ಚಾತ್ತಾಪಕ್ಕೆ ಚಿತ್ರ ಇನ್ನಷ್ಟು ಹೊತ್ತು ಕೊಡಬೇಕಿತ್ತು. ಪ್ರಹಸನದ ಓಟದಿಂದ ಗಂಭೀರಕ್ಕೆ ತಿರುಗುವ ಆ ಮೂಲೆಯಲ್ಲಿ ಡ್ರೇಯರ್ ಸ್ವಲ್ಪ ಅವಸರ ಮಾಡಿದ್ದಾರೆ ಎಂದು ಒಪ್ಪಿಕೊಳ್ಳಬೇಕು. ಇನ್ನು ವಿಧವೆಯನ್ನು ಹುದ್ದೆಯ ಜೊತೆ ಹಸ್ತಾಂತರಿಸುವ ಪದ್ಧತಿಯನ್ನು ಚಿತ್ರ ಸಮರ್ಥಿಸುತ್ತದೆ ಎಂಬ ಮಾತಿಗೆ ಆಧಾರ ಸಾಲದು. ಪದ್ಧತಿಯಿಂದ ಮಾರ್ಗರೆಟೆಗೆ ಸೂರು ಸಿಕ್ಕಿತು, ಅದೇ ಪದ್ಧತಿ ಅವಳ ಯೌವನದ ಅತ್ಯುತ್ತಮ ವರ್ಷಗಳನ್ನು ಇನ್ನೊಬ್ಬಳ ಸಾವಿನ ಕಾಯುವಿಕೆಯಲ್ಲಿ ಕಳೆಯುವಂತೆ ಮಾಡಿತು, ಮುಪ್ಪಿನಲ್ಲಿ ಅವಳನ್ನೇ ಆ ಇನ್ನೊಬ್ಬಳನ್ನಾಗಿ ಮಾಡಿತು. ಒಂದೇ ಹೆಣ್ಣಿನ ಬಾಳಿನಲ್ಲಿ ಎರಡೂ ತುದಿಗಳನ್ನು ತೋರಿಸಿದ ಮೇಲೆ ಪದ್ಧತಿಯ ಬಗ್ಗೆ ಬೇರೆ ಭಾಷಣ ಬೇಕಿಲ್ಲ.

ಮೂರನೆಯದು ಹೆಚ್ಚಾಗಿ ಕೇಳಿಬರುವ ಮಾತು. ಇದು ಹಾಸ್ಯಚಿತ್ರ, ಕಲಿಕೆಯ ದಿನಗಳ ಕೆಲಸ, ಇಷ್ಟೆಲ್ಲ ಭಾರವನ್ನು ಅದರ ಮೇಲೆ ಹೇರಬಾರದು ಎಂಬುದು. ಇದಕ್ಕೆ ಉತ್ತರ ಡ್ರೇಯರ್ ಅವರ ಮುಂದಿನ ಚಿತ್ರಗಳಲ್ಲೇ ಇದೆ. 1943ರಲ್ಲಿ, ಡೆನ್ಮಾರ್ಕ್ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗ, ಅವರು ‘ಡೇ ಆಫ್ ರಾತ್’ ತೆಗೆದರು. ಮತ್ತೆ ಪಾದ್ರಿಯ ಮನೆ, ಮತ್ತೆ ವಯಸ್ಸಿನ ಅಂತರದ ಮದುವೆ. ಈ ಸಲ ಮುದುಕನಾದವನು ಗಂಡ. ಪಾದ್ರಿ ಅಬ್ಸಲೋನ್‌ನ ಎಳೆಯ ಎರಡನೆಯ ಹೆಂಡತಿ ಆನೆ, ಅವನ ಮೊದಲ ಹೆಂಡತಿಯ ಮಗ ಮಾರ್ಟಿನ್‌ನನ್ನು ಪ್ರೀತಿಸುತ್ತಾಳೆ. ನೀನು ಸಾಯಲೆಂದು ಬಯಸಿದ್ದೇನೆ ಎಂದು ಒಂದು ರಾತ್ರಿ ಗಂಡನ ಮುಖಕ್ಕೇ ಹೇಳುತ್ತಾಳೆ. ಅವನು ಅಲ್ಲೇ ಕುಸಿದು ಸಾಯುತ್ತಾನೆ. ಮಾಟ ಮಾಡಿ ಕೊಂದಳೆಂಬ ಆರೋಪ ಬರುತ್ತದೆ. ಪ್ರಿಯನೂ ಕೈಬಿಟ್ಟಾಗ ಅವಳು ಆರೋಪವನ್ನು ಒಪ್ಪಿಕೊಂಡುಬಿಡುತ್ತಾಳೆ. ಈ ಚಿತ್ರಕ್ಕೆ ಮೂಲವಾದ ನಾಟಕದ ಹಿಂದೆ ನಿಜವಾದ ಒಬ್ಬ ಹೆಂಗಸಿದ್ದಾಳೆ. ಪಾದ್ರಿಯ ವಿಧವೆ ಆನೆ ಪೆಡರ್ಸ್‌ಡಾಟರ್‌ಳನ್ನು ಮಾಟಗಾತಿಯೆಂದು 1590ರಲ್ಲಿ ನಾರ್ವೆಯ ಬೆರ್ಗನ್ ಪಟ್ಟಣದಲ್ಲಿ ಸುಟ್ಟರು. ಮೊದಲ ಚಿತ್ರದ ವಿಧವೆಯ ಪೂರ್ತಿ ಹೆಸರೂ ಮಾರ್ಗರೆಟೆ ಪೆಡರ್ಸ್‌ಡಾಟರ್. ಮಾಟಗಾತಿ ಎಂದು ನಾವು ನಕ್ಕ ಹೆಂಗಸಿನ ಹೆಸರಿಗೂ ಮಾಟಗಾತಿ ಎಂದು ಸುಟ್ಟ ಹೆಂಗಸಿನ ಹೆಸರಿಗೂ ಇರುವ ಈ ಸಂಬಂಧ ಎರಡು ಚಿತ್ರಗಳನ್ನೂ ನೋಡಿದವರ ಮನಸ್ಸಿನಿಂದ ಹೋಗುವುದಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರು ಇನ್ನೊಬ್ಬರ ಸಾವನ್ನು ಬಯಸಿದರೆ ಆ ಬಯಕೆಗೆ ಯಾರು ಹೊಣೆ ಎಂಬ ಒಂದೇ ಪ್ರಶ್ನೆಯನ್ನು ಡ್ರೇಯರ್ 1920ರಲ್ಲಿ ನಗುವಿನೊಡನೆ, 1943ರಲ್ಲಿ ಬೆಂಕಿಯೊಡನೆ ಕೇಳಿದರು. ಕೊನೆಯ ಚಿತ್ರ ‘ಗೆರ್ಟ್ರೂಡ್’ (1964) ಕೂಡ ಗಂಡ ಮತ್ತು ಮರಳಿ ಬಂದ ಹಳೆಯ ಪ್ರಿಯನ ನಡುವೆ ನಿಂತ ಹೆಣ್ಣಿನದೇ. ಅವಳು ಇಬ್ಬರನ್ನೂ ಬಿಟ್ಟು ಹೊರಡುತ್ತಾಳೆ, ಮುಪ್ಪಿನಲ್ಲಿ ಒಬ್ಬಳೇ ಕುಳಿತು ತನ್ನ ಸಮಾಧಿಯ ಕಲ್ಲಿನ ಮೇಲೆ ಪ್ರೀತಿಯ ಹೆಸರನ್ನೇ ಬರೆಸಲು ನಿರ್ಧರಿಸುತ್ತಾಳೆ. ನಲವತ್ತನಾಲ್ಕು ವರ್ಷ ಒಬ್ಬ ಕಲಾವಿದನನ್ನು ಬಿಡದ ಪ್ರಶ್ನೆ ಮೊದಲು ಎದ್ದ ಜಾಗವನ್ನು ಕಲಿಕೆಯ ಕೆಲಸವೆಂದು ದಾಟಿ ಹೋಗಲಾಗದು.

ಹಾಸ್ಯ ಎಂಬ ಮಾತಿಗೂ ಒಂದು ಉತ್ತರ ಹೇಳಬೇಕು. ಈ ಚಿತ್ರದಲ್ಲಿ ನಗು ಹಗುರವಾದದ್ದು ನಿಜ, ಅದು ನಡೆಯುವ ಜಾಗ ಹಗುರವಾದದ್ದಲ್ಲ. ಸ್ಟುಡಿಯೋದಲ್ಲಿ ಹಲಗೆಯ ಗೋಡೆ ಕಟ್ಟುವ ಬದಲು ಡ್ರೇಯರ್ ತಮ್ಮ ತಂಡವನ್ನು ನಾರ್ವೆಯ ಲಿಲ್ಲೆಹಾಮರ್‌ಗೆ ಕರೆದೊಯ್ದರು. ಅಲ್ಲಿ ಆಂಡರ್ಸ್ ಸಾಂಡ್‌ವಿಗ್ ಎಂಬ ಹಲ್ಲಿನ ವೈದ್ಯರು ಸುತ್ತಲಿನ ಕಣಿವೆಯ ಹಳೆಯ ಮರದ ಮನೆಗಳನ್ನೂ ಪಾತ್ರೆಪಗಡೆಗಳನ್ನೂ ವರ್ಷಗಟ್ಟಲೆ ಕೂಡಿಹಾಕಿದ್ದರು. ಆ ಸಂಗ್ರಹವೇ 1904ರಲ್ಲಿ ಮೈಹೌಗೆನ್ ಎಂಬ ಬಯಲು ವಸ್ತುಸಂಗ್ರಹಾಲಯವಾಯಿತು. ಚಿತ್ರದ ಕಂಬ, ತೊಲೆ, ಒಲೆ, ಮಂಚ ಎಲ್ಲವೂ ನಿಜವಾಗಿ ತಲೆಮಾರುಗಳು ಬಳಸಿ ಸವೆದವು. ಇದು ಅಂದಚೆಂದದ ಮಾತು ಮಾತ್ರವಲ್ಲ. ಹಳೆಯ ಪ್ರೀತಿಯನ್ನು ಕಣ್ಣಿಗೆ ತೋರಿಸುವುದು ಹೇಗೆ ಎಂದು ಗ್ರಿಫಿತ್ ಎದುರಿಸಿದ ತೊಡಕಿಗೆ ಡ್ರೇಯರ್ ಕೊಟ್ಟ ಉತ್ತರ ಈ ಮನೆ. ಆ ಮಂಚ ಯಾರು ಯಾರದ್ದೋ ಆಗಿತ್ತು, ಆ ಹೊಸಿಲನ್ನು ಒಬ್ಬಳ ಬಳಿಕ ಒಬ್ಬಳು ದಾಟಿ ಬಂದಿದ್ದಳು. ಮಾರ್ಗರೆಟೆ ತನ್ನ ಕಥೆ ಹೇಳುವಾಗ ನಾವು ಅದನ್ನು ನಂಬುವುದು, ಅದಕ್ಕೆ ಸಾಕ್ಷಿಯಾದ ಮರ ಸುತ್ತಲೂ ನಿಂತಿರುವುದರಿಂದ.

ಕೊನೆಗೆ ಅವಳು ಆ ಮನೆಗೆ ವಿದಾಯ ಹೇಳುತ್ತಾಳೆ. ಚಿತ್ರದ ಕಿರೀಟದಂಥ ಭಾಗ ಇದು. ಸಾವು ಹತ್ತಿರ ಬಂತೆಂದು ತಿಳಿದು ಮುದುಕಿ ಅಂಗಳಕ್ಕೆ ಇಳಿಯುತ್ತಾಳೆ. ದನಕರುಗಳನ್ನು ಕಾಣುತ್ತಾಳೆ, ಹೊಲಮನೆಗಳನ್ನು ಒಂದೊಂದಾಗಿ ಕಣ್ಣಲ್ಲಿ ತುಂಬಿಕೊಳ್ಳುತ್ತಾಳೆ. ಯಾರೊಡನೆಯೂ ದುಃಖ ತೋಡಿಕೊಳ್ಳುವುದಿಲ್ಲ, ಯಾರ ಕೈಯನ್ನೂ ಹಿಡಿಯುವುದಿಲ್ಲ. ತನ್ನ ಪ್ರಿಯನೊಡನೆ ಬಾಳಿದ ಜಾಗವನ್ನು ಇನ್ನೊಬ್ಬಳ ಪ್ರೀತಿಗೆ ಒಪ್ಪಿಸಿ, ಒಳಗೆ ಹೋಗಿ ಮಲಗುತ್ತಾಳೆ. ಬೆಳಕು, ಬೇಸಿಗೆಯ ಹುಲ್ಲು, ನಿಧಾನವಾಗಿ ನಡೆಯುವ ಒಂದು ಮುದಿಜೀವ, ಇಷ್ಟು ಬಿಟ್ಟರೆ ಅಲ್ಲಿ ಏನೂ ಇಲ್ಲ. ಗ್ರಿಫಿತ್‌ರ ನಾವಿಕ ಕಿಟಕಿಯ ಆಚೆ ನಿಂತು ಒಳಗಿನ ಸಂಸಾರಕ್ಕೆ ಬೆನ್ನು ತಿರುಗಿಸಿದ್ದು ನೆನಪಾಗುತ್ತದೆ. ಅವನು ಹೊರಗಿನವನಾಗಿ ತ್ಯಾಗ ಮಾಡಿದ. ಇವಳು ಒಳಗಿನವಳು, ಯಜಮಾನಿ, ಕಾನೂನಿನ ಪ್ರಕಾರ ಹೆಂಡತಿ. ಇವಳ ತ್ಯಾಗ ದೊಡ್ಡದು.

ಮಾರ್ಗರೆಟೆಯ ಪಾತ್ರ ಮಾಡಿದವರು ಸ್ವೀಡನ್ನಿನ ರಂಗನಟಿ ಹಿಲ್ಡೂರ್ ಕಾರ್ಲ್‌ಬೆರ್ಗ್. ಆಗ ಅವರಿಗೆ ಎಪ್ಪತ್ತು ದಾಟಿತ್ತು, ಚಿತ್ರೀಕರಣದ ಹೊತ್ತಿಗೇ ಕಾಯಿಲೆ ಬಿದ್ದಿದ್ದರು. ತಮ್ಮ ಪಾತ್ರವನ್ನು ಪೂರ್ತಿ ಮುಗಿಸಿಕೊಟ್ಟು, 1920ರ ಆಗಸ್ಟ್‌ನಲ್ಲಿ ತೀರಿಕೊಂಡರು. ‘ಪಾದ್ರಿಯ ವಿಧವೆ’ ತೆರೆಗೆ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಆ ವಿದಾಯದ ನಡಿಗೆಯನ್ನು ಮೊದಲ ಪ್ರೇಕ್ಷಕರು ನೋಡುವಾಗ ನಡೆಯುತ್ತಿದ್ದವರು ಮಣ್ಣಾಗಿ ಎರಡು ತಿಂಗಳೂ ಕಳೆದಿರಲಿಲ್ಲ.